ಆನೆ ಗೊಂಬೆಯ ಹೊಲಿಗೆ ಬಿಟ್ಟಿದೆ, ಮನೆಯಲ್ಲೇ ಸರಿ ಮಾಡೋದು ಹೇಗೆ?

ಕೇಳಿದವರು, ದಾವಣಗೆರೆ:
ಮಗನಿಗೆ ಎರಡೂವರೆ ವರ್ಷ. ದುಗ್ಗಮ್ಮನ ಜಾತ್ರೆಯಲ್ಲಿ ಕೊಡಿಸಿದ ಬಟ್ಟೆ ಆನೆಯನ್ನು ಅವುಚಿಕೊಳ್ಳದೆ ಮಲಗುವುದಿಲ್ಲ. ಈಗ ಅದರ ಮುಂಗಾಲಿನ ಹತ್ತಿರ ಹೊಲಿಗೆ ಬಿಟ್ಟು ಒಳಗಿನ ಹತ್ತಿ ಹೊರಗೆ ಬರುತ್ತಿದೆ, ಒಂದು ಕಣ್ಣೂ ಬಿದ್ದುಹೋಗಿದೆ. ಟೈಲರ್ ಹತ್ತಿರ ಒಯ್ದರೆ ಇದು ಮಷೀನಿಗೆ ಕೂರಲ್ಲಮ್ಮ ಎಂದು ವಾಪಸ್ ಕೊಟ್ಟರು. ನನಗೆ ಬರುವುದು ಗುಂಡಿ ಹಾಕುವಷ್ಟು ಹೊಲಿಗೆ ಮಾತ್ರ. ಮನೆಯಲ್ಲಿ ಮಾಡಿದವರಿದ್ದರೆ ಹೇಳಿ.

ವಿದ್ಯಾನಗರದಿಂದ:
ಗುಂಡಿ ಹಾಕಲು ಬಂದರೆ ಸಾಕು. ಆದರೆ ಸೂಜಿ ಹುಡುಕುವ ಮೊದಲು ಆ ಬಿದ್ದ ಕಣ್ಣು ಹುಡುಕಿ. ಮಂಚದ ಕೆಳಗೆ, ದಿಂಬಿನ ಕವರಿನಲ್ಲಿ, ಎಲ್ಲಾ ಕಡೆ ನೋಡಿ. ಈ ವಯಸ್ಸಿನ ಮಕ್ಕಳು ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತವೆ, ಗಂಟಲಲ್ಲಿ ಸಿಕ್ಕಿಕೊಂಡರೆ ಕಷ್ಟ. ಉಳಿದಿರುವ ಇನ್ನೊಂದು ಕಣ್ಣನ್ನೂ ತೆಗೆದುಬಿಡಿ. ಆ ಜಾಗಕ್ಕೆ ಗುಂಡಿ ಬೇಡ, ಅದೂ ಒಂದು ದಿನ ಕಿತ್ತು ಬರುತ್ತದೆ. ಕಪ್ಪು ಕಸೂತಿ ದಾರದಲ್ಲಿ ಕಣ್ಣು ಹೊಲಿದುಬಿಡಿ.

ಈಗ ಕಾಲು. ಹೊಲಿಗೆ ಮಾತ್ರ ಬಿಟ್ಟಿದೆಯೋ, ಬಟ್ಟೆಯೇ ಹರಿದಿದೆಯೋ ನೋಡಿಕೊಳ್ಳಿ. ಹೊಲಿಗೆ ಬಿಟ್ಟಿದ್ದರೆ ಸುಲಭ. ಪಾಲಿಯೆಸ್ಟರ್ ದಾರ ಎರಡೆಳೆ ಮಾಡಿಕೊಳ್ಳಿ. ಎರಡೂ ಅಂಚನ್ನು ಒಳಗೆ ಮಡಚಿ. ಗಂಟು ಒಳಗೆ ಉಳಿಯುವ ಹಾಗೆ ಒಂದು ಮಡಿಕೆಯಿಂದ ಸೂಜಿ ಹೊರತೆಗೆದು, ನೇರ ಎದುರಿನ ಮಡಿಕೆಗೆ ಚುಚ್ಚಿ. ಒಂದು ಅಕ್ಕಿಕಾಳಿನಷ್ಟು ದೂರ ಮಡಿಕೆಯೊಳಗೇ ಓಡಿಸಿ ಹೊರತೆಗೆಯಿರಿ, ಮತ್ತೆ ಈ ಕಡೆಯ ಮಡಿಕೆಗೆ ಬನ್ನಿ. ನಾಲ್ಕೈದು ಸಲ ಆದಮೇಲೆ ದಾರ ಏಣಿಯ ಮೆಟ್ಟಿಲಿನ ಹಾಗೆ ಕಾಣುತ್ತದೆ. ಆಗ ಮೆಲ್ಲಗೆ ಎಳೆದರೆ ಎರಡು ಅಂಚೂ ಕೂಡಿಕೊಂಡು ದಾರವೇ ಕಾಣುವುದಿಲ್ಲ. ಮೊದಲ ಸಲ ಇದನ್ನು ನೋಡಿ ನಾನು ಸುಮ್ನೆ ಎರಡು ಸಲ ಬಿಚ್ಚಿ ಮತ್ತೆ ಎಳೆದಿದ್ದೆ! ಬಿಟ್ಟಿರುವ ಜಾಗಕ್ಕಿಂತ ಅರ್ಧ ಇಂಚು ಆಚೆಯಿಂದ ಶುರು ಮಾಡಿ, ಅರ್ಧ ಇಂಚು ಆಚೆಗೇ ಮುಗಿಸಿ, ಇಲ್ಲದಿದ್ದರೆ ಪಕ್ಕದಲ್ಲಿ ಮತ್ತೆ ಬಿಡುತ್ತದೆ. ಕೊನೆಗೆ ಗಂಟು ಹಾಕಿ, ಸೂಜಿಯನ್ನು ಹೊಟ್ಟೆಯೊಳಗಿಂದ ಎರಡು ಇಂಚು ದೂರಕ್ಕೆ ತೆಗೆದು, ದಾರ ಎಳೆದು ಹಿಡಿದು ಕತ್ತರಿಸಿ. ತುದಿ ಒಳಗೆ ಹೋಗಿಬಿಡುತ್ತದೆ. ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಪಿನ್ನಿನಿಂದ ಎಬ್ಬಿಸಿದರೆ ಗೆರೆಯೂ ಕಾಣಲ್ಲ.

ಇನ್ನು ತುಂಬುವ ವಿಷಯ. ಇಲ್ಲೇ ನಾನು ಎಡವಿದ್ದು. ಮಗಳ ಮೊಲ ಸೊರಗಿದೆ ಎಂದು ಗಾದಿ ಅಂಗಡಿಯಿಂದ ಫೈಬರ್ ತಂದು, ಮರದ ಸೌಟಿನ ಹಿಡಿಯಿಂದ ಮೂಲೆಮೂಲೆಗೂ ತುರುಕಿದೆ. ಮೊಲ ಹೊಸ ಲೋಡಿನ ಹಾಗೆ ಗಟ್ಟಿಯಾಗಿ ಕೂತಿತು, ನನಗೆ ಹೆಮ್ಮೆ. ಮಗಳು ಅದನ್ನು ಕತ್ತಿನ ಹತ್ತಿರ ಹಿಡಿದು ನೋಡಿದಳು. ಕತ್ತು ಬಗ್ಗಲಿಲ್ಲ. "ಇದು ನಂದಲ್ಲ" ಎಂದು ಕೆಳಗಿಟ್ಟಳು. ಅವಳಿಗೆ ಆ ಜೋತುಬಿದ್ದ ಕತ್ತೇ ಬೇಕಿತ್ತು, ಕಂಕುಳಲ್ಲಿ ಸಿಕ್ಕಿಸಿಕೊಂಡು ಮಲಗಲು. ರಾತ್ರಿ ಹನ್ನೊಂದಕ್ಕೆ ಹೊಲಿಗೆ ಬಿಚ್ಚಿ ಎರಡು ಹಿಡಿ ತೆಗೆದಮೇಲೆ ಮನೆಯಲ್ಲಿ ನಿದ್ದೆ. ಹಾಗಾಗಿ ಹೊರಗೆ ಬಿದ್ದಷ್ಟೇ ಒಳಗೆ ಹಾಕಿ, ಹಳೆಯ ಹತ್ತಿ ಗಲೀಜಾಗಿಲ್ಲದಿದ್ದರೆ ಅದನ್ನೇ ಹಾಕಿ. ಮಗನ ಕೈಗೆ ಕೊಟ್ಟು ಅವಚಿ ನೋಡು ಅಂದು, ಆಮೇಲೆ ಹೊಲಿಗೆಯ ಬಾಯಿ ಮುಚ್ಚಿ.

ಇನ್ನೊಂದು, ಸಾಲದಿದ್ದರೆ ಹೊಸದಾಗಿ ಅರಳೆ ಹಾಕಬೇಡಿ. ನಮ್ಮತ್ತೆ ಪ್ರೀತಿಯಿಂದ ಕೊಟ್ಟರು, ಹತ್ತಿ ಮಿಲ್ಲಿನ ಊರಲ್ಲಿ ಅರಳೆ ಬೇಡ ಅನ್ನೋದು ಹೇಗೆ ಅಲ್ವಾ? ಒಂದು ಸಲ ಒಗೆದದ್ದಕ್ಕೆ ಮುದ್ದೆ ಮುದ್ದೆಯಾಗಿ ಕೂತಿತು, ಒಳಗೆ ಒಣಗದೆ ಮುಗ್ಗುಲು ವಾಸನೆ.

ಚಿತ್ರದುರ್ಗದಿಂದ:
ಅಕ್ಕ ಹೇಳಿದ್ದೆಲ್ಲ ಸರಿ. ಬಟ್ಟೆಯೇ ಹರಿದಿದ್ದರೆ ಆ ಹೊಲಿಗೆ ನಿಲ್ಲಲ್ಲ, ಎಳೆದಷ್ಟೂ ಎಳೆ ಬಿಡುತ್ತದೆ. ನಮ್ಮ ಅಜ್ಜಿ ಕೌದಿ ಹೊಲಿಯುವವರು. ಕರಡಿಯ ಮೊಣಕಾಲಿಗೆ ಹಳೇ ಟೀ ಶರ್ಟಿನ ತುಂಡನ್ನು ಒಳಗಿನಿಂದ ಇಟ್ಟು, ಹೊರಗೆ ಅಪ್ಪನ ಲುಂಗಿಯ ಚೌಕದ ತೇಪೆ ಹಾಕಿ, ಕೌದಿಗೆ ಹಾಕುವ ಹಾಗೇ ಸಣ್ಣ ಓಡುಹೊಲಿಗೆ ಹಾಕಿದರು. ಎರಡು ವರ್ಷ ಆಯ್ತು, ಅಲ್ಲಾಡಿಲ್ಲ. ದಪ್ಪ ಬಟ್ಟೆ ಅಂತ ದಬ್ಬಣ ತಗೊಳ್ಳಬೇಡಿ, ತೂತೇ ದೊಡ್ಡದಾಗುತ್ತದೆ. ಮತ್ತೆ ಆ ಪುಟ್ಟ ಟ್ಯೂಬಿನ ಸೂಪರ್ ಗ್ಲೂ ಅಂಟಂತೂ ಬೇಡವೇ ಬೇಡ. ಹತ್ತಿಗೆ ತಾಗಿದರೆ ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ, ಒಣಗಿದಮೇಲೆ ಗಾಜಿನ ಚೂರಿನ ಹಾಗೆ ಚುಚ್ಚುತ್ತದೆ. ನಮ್ಮ ಯಜಮಾನರ ಪ್ರಯೋಗ ಅದು.

ಹರಿಹರದಿಂದ:
ಜಾತ್ರೆ ಗೊಂಬೆ ಕೊಳ್ಳುವಾಗಲೇ ಕಣ್ಣು, ಮೂಗು ಎಳೆದು ನೋಡಬೇಕು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಆದರೆ ಜಾತ್ರೆಯ ಗದ್ದಲದಲ್ಲಿ ಯಾರು ನೋಡ್ತಾರೆ ಹೇಳಿ.

ಕೇಳಿದವರು:
ಕಣ್ಣು ಸಿಕ್ಕಿತು! ಇವರ ಶೂ ಒಳಗೆ. ಕಾಲು ಹೊಲಿದೆ, ಸ್ವಲ್ಪ ಸೊಟ್ಟ. ಹತ್ತಿ ಕಡಿಮೆಯೇ ಹಾಕಿದೆ. ಆದರೆ ಸೊಂಡಿಲ ಮೇಲೆ ಮಿರ್ಚಿ ಎಣ್ಣೆ ಕಲೆ ಇದೆ, ಮಂಡಕ್ಕಿ ತಿಂದ ಕೈಯಲ್ಲೇ ಹಿಡಿದಿದ್ದಾನೆ. ಪೂರ್ತಿ ನೆನೆಸಬಹುದಾ?

ವಿದ್ಯಾನಗರದಿಂದ:
ಕಲೆ ಅಷ್ಟೇ ಆದರೆ ನೆನೆಸಬೇಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಹಳೇ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ನಾಲ್ಕೈದು ಸಲ ಒರೆಸಿ. ಫ್ಯಾನ್ ಕೆಳಗಿಡಿ. ಬೇಗ ಒಣಗಲಿ ಎಂದು ಇಸ್ತ್ರಿ ಪೆಟ್ಟಿಗೆ ಮುಟ್ಟಿಸಬೇಡಿ, ಆ ಕೂದಲು ಕರಗಿ ಅಂಟಿಕೊಳ್ಳುತ್ತದೆ. ಬೆಳಗ್ಗೆ ತೊಳೆಯಿರಿ, ರಾತ್ರಿಯೊಳಗೆ ಒಣಗಬೇಕಲ್ಲ.