ಸಹಾಯ ಬೇಕು: ಚಂದ್ರಾ ಬಾಹ್ಯಾಕಾಶ ದೂರದರ್ಶಕದ ಎಕ್ಸ್-ರೇ ಡೇಟಾ ಗೊತ್ತಿರುವವರು ಪುಣೆಯಲ್ಲಿ ಇದ್ದೀರಾ?

ನಮಸ್ಕಾರ. ನಾನು ಗದಗದವನು, ಪುಣೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಎಲ್ ಗೋರ್ಡೊ ಎಂಬ ಗ್ಯಾಲಕ್ಸಿ ಗುಂಪು ಸಿಕ್ಕಿದೆ. ಅದರ ಬೆಳಕು ನಮ್ಮನ್ನು ತಲುಪಲು ಸುಮಾರು 700 ಕೋಟಿ ವರ್ಷ ಬೇಕಾಯಿತು! ಗ್ಯಾಲಕ್ಸಿಗಳ ನಡುವಿನ ಅನಿಲ ಕೋಟಿಗಟ್ಟಲೆ ಡಿಗ್ರಿ ಕಾದು ಎಕ್ಸ್-ರೇ ಸೂಸುತ್ತದೆ. ಚಂದ್ರಾ ದೂರದರ್ಶಕದ ಡೇಟಾ ಪುಕ್ಕಟೆ ಸಿಗುತ್ತದೆ, ಇಳಿಸಿಕೊಂಡಿದ್ದೇನೆ.

ತೊಂದರೆ ಇರುವುದು ಅಂಚಿನಲ್ಲಿ. ನಡುಭಾಗ ಎರಡು ಬಾಲದ ಧೂಮಕೇತುವಿನ ಹಾಗೆ ಚೆನ್ನಾಗಿ ಕಾಣುತ್ತದೆ. ಹೊರಗೆ ಹೋದಂತೆ ಫೋಟಾನ್ (ಬೆಳಕಿನ ಕಣ) ಕಡಿಮೆ, ಗದ್ದಲವೇ (ನಾಯ್ಸ್) ಜಾಸ್ತಿ. ಬ್ಯಾಕ್‌ಗ್ರೌಂಡನ್ನು (ಗುಂಪಿನಿಂದ ಬಾರದ, ಕಳೆಯಬೇಕಾದ ಎಣಿಕೆ) ಡಿಟೆಕ್ಟರ್ ಚಿಪ್‌ನ ಖಾಲಿ ಮೂಲೆಯಿಂದ ಅಳೆದರೆ ಅನಿಲಕ್ಕೆ ಒಂದು ಉಷ್ಣಾಂಶ ಬರುತ್ತದೆ, ಬ್ಲ್ಯಾಂಕ್-ಸ್ಕೈ ಫೈಲಿನಿಂದ (ಖಾಲಿ ಆಕಾಶದ ಸಿದ್ಧ ಡೇಟಾ) ತೆಗೆದುಕೊಂಡರೆ ಇನ್ನೊಂದು. ಆ ಫೈಲನ್ನು 9ರಿಂದ 12 ಕೆಇವಿ (ಎಕ್ಸ್-ರೇ ಶಕ್ತಿಯ ಅಳತೆ) ನಡುವಿನ ಎಣಿಕೆಗೆ ಹೊಂದಿಸಿಯೂ ನೋಡಿದೆ. ಯಾವುದನ್ನು ನಂಬಲಿ?

ಐಯುಕಾ, ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಗಳ ಕಡೆ ಕನ್ನಡದವರು ಇರ್ತೀರಿ ಅಲ್ವಾ? ಒಂದು ಭಾನುವಾರ ಕೂತು ತೋರಿಸಿದರೆ ಸಾಕು. ಲ್ಯಾಪ್‌ಟಾಪ್ ಹಿಡಿದು ನಾನೇ ಬರುತ್ತೇನೆ, ಚಹಾ ಖರ್ಚು ನಂದು.