ಸಮಸ್ಯೆ: ಹುಣಿಸೆಮರದಿಂದುದುರಿ ಬಿತ್ತು ಮೀನು

ಪಂಚಮಾತ್ರಾ ಚೌಪದಿಯ (ಐದೈದು ಮಾತ್ರೆಯ ಗಣಗಳಲ್ಲಿ ನಡೆಯುವ ನಾಲ್ಕು ಸಾಲಿನ ಪದ್ಯ) ಕೊನೆಯ ಪಾದ ಇದು, ಮೊದಲ ಮೂರು ಪಾದ ಬರೆದು ಪೂರ್ತಿ ಮಾಡಬೇಕು. ಆದಿಪ್ರಾಸ, ಅಂದರೆ ಪ್ರತಿ ಪಾದದ ಎರಡನೇ ಅಕ್ಷರ, ‘ಣ’; ಮೊದಲ ಅಕ್ಷರ ಲಘುವೇ (ಒಂದು ಮಾತ್ರೆ) ಆಗಬೇಕು. ವಸಂತದ ಒಂದು ಬೆಳಗು ಪದ್ಯದೊಳಗೆ ಬರಲಿ. ಸುಮ್ನೆ ಕಟ್ಟಿದ ಸಾಲಲ್ಲ, ಕಣ್ಣಾರೆ ಕಂಡದ್ದು.

*

ನನ್ನ ಪೂರಣ:

ಎಣಿಸುತಿರಲೊಂದೊಂದೆ ಬಾನ ಚುಕ್ಕಿಗಳನ್ನು
ತಣಿಗಾಳಿ ಬೀಸೆ, ಮೂಡಲದಿ ಕೆಂಪು,
ಕುಣಿವೆಲೆಯ ನಡುವೊಂದು ಮಿನುಗಿ ಮರೆಯಾಗಲದೊ
ಹುಣಿಸೆಮರದಿಂದುದುರಿ ಬಿತ್ತು ಮೀನು!

ಹಳಗನ್ನಡದಲ್ಲಿ ಮೀನ್ ಅಂದರೆ ನಕ್ಷತ್ರವೂ ಹೌದು, ಅದನ್ನೇ ಹಿಡಿದೆ. ತಣ್ಗಾಳಿಯನ್ನು ಪ್ರಾಸಕ್ಕಾಗಿ ‘ತಣಿಗಾಳಿ’ ಮಾಡಿದ್ದೇನೆ, ನಡೆಯುತ್ತದಾ?

*

ಧಾರಾಳವಾಗಿ ನಡೆಯುತ್ತದೆ. ಮೀನನ್ನು ಬಾನಿಗೇರಿಸಿದಿರಿ, ತುಂಬಾ ಖುಷಿಯಾಯಿತು. ನಾನು ಕಂಡದ್ದು ಮಾತ್ರ ನಿಜವಾದ ಮೀನು.

ಯುಗಾದಿಯ ಆಸುಪಾಸು, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೆಳಕು ಹರಿಯುವ ಮೊದಲೇ ದುರ್ಬೀನು ಹಿಡಿದು ಹೋಗಿದ್ದೆ, ಅದನ್ನು ಚೀಲದಿಂದ ತೆಗೆಯಬೇಕಾಗಲೇ ಇಲ್ಲ, ಯಾಕೆಂದರೆ ಅಲ್ಲಿ ಮನೆಗಳ ಪಕ್ಕದ ಹುಣಿಸೆಮರಗಳಲ್ಲೇ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳ ಗೂಡು. ದೊಡ್ಡ ಹೆಜ್ಜಾರ್ಲೆಗಳದ್ದು ಸದ್ದೇ ಕಡಿಮೆ, ಗಲಾಟೆಯೆಲ್ಲ ಮರಿಗಳದ್ದು. ಒಂದು ಮರಿ ತಾಯಿಯ ಗಂಟಲ ಚೀಲಕ್ಕೆ ತಲೆಯನ್ನೇ ತೂರಿಸಿತ್ತು, ಇನ್ನೊಂದು ಹಿಂದಿನಿಂದ ನೂಕುತ್ತಿತ್ತು. ಪಟ್ ಅಂತ ಏನೋ ಬಿತ್ತು. ಬೆರಳುದ್ದದ ಮೀನು. ಬೆನ್ನಿಗೆ ಮಣ್ಣು ಮೆತ್ತಿತ್ತು, ಹೊಟ್ಟೆ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಅಂಗಳ ಗುಡಿಸುತ್ತಿದ್ದ ಅಜ್ಜಿ ತಲೆ ಕೂಡ ಎತ್ತದೆ ಅದನ್ನು ಪೊರಕೆಯಲ್ಲಿ ಮರದ ಬುಡಕ್ಕೆ ತಳ್ಳಿದರು.

ಇಣುಕಿತದೊ ನಸುಬೆಳಕು, ಹಸಿದ ಮರಿ ಕೂಗುತಿರೆ
ಉಣಿಸಲೆಂದಿಳಿಯೆ ಹೆಜ್ಜಾರ್ಲೆ ತಾಯಿ,
ಹೆಣೆದ ಗೂಡಿನ ನೂಕುನುಗ್ಗಲಲಿ ಬಾಯ್ತಪ್ಪಿ
ಹುಣಿಸೆಮರದಿಂದುದುರಿ ಬಿತ್ತು ಮೀನು!

(ತಾಯಿ ಅಂತ ಬರೆದೆ, ಉಣಿಸುವುದು ಅಪ್ಪ ಅಮ್ಮ ಇಬ್ಬರೂ.)

*

‘ನೂಕುನುಗ್ಗಲು’ ಗಣಕ್ಕೆ ಎಷ್ಟು ಸಲೀಸಾಗಿ ಕೂತಿದೆ! ಆದರೆ ಹುಣಿಸೆಹಣ್ಣು ಬಡಿಯುವ ಕಾಲವೂ ಅದೇ ಅಲ್ವಾ?

*

ಹೌದು, ಅದೇ ನನಗೆ ಜಾಸ್ತಿ ಕಾಡಿದ್ದು. ಕೊಂಬೆ ಬಡಿದರೆ ಗೂಡು ಉಳಿಯುವುದಿಲ್ಲ. ಅದಕ್ಕೇ ಊರವರು ಫಸಲನ್ನೇ ಬಿಟ್ಟುಕೊಡುತ್ತಾರೆ, ಅರಣ್ಯ ಇಲಾಖೆ ಅದಕ್ಕೆ ಸ್ವಲ್ಪ ಪರಿಹಾರ ಕೊಡುತ್ತದೆ. ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿದ್ದು 2007ರಲ್ಲಿ, ಊರವರು ಹಕ್ಕಿಗಳಿಗೆ ಜಾಗ ಕೊಟ್ಟದ್ದು ಅದಕ್ಕೂ ಎಷ್ಟೋ ತಲೆಮಾರು ಹಿಂದೆ. ಹಣ್ಣು ಉದುರದೆ ಮೀನು ಉದುರುವ ಮರ ಎನ್ನುವುದನ್ನು ನಾಲ್ಕು ಪಾದದಲ್ಲಿ ತರಲು ನನ್ನಿಂದ ಆಗಲಿಲ್ಲ. ‘ಹಣ್ಣು’ ಪಾದದ ಮೊದಲಿಗೆ ಬಂದರೆ ಮೊದಲ ಅಕ್ಷರ ಗುರುವಾಗಿ (ಎರಡು ಮಾತ್ರೆ) ಪ್ರಾಸ ಕೆಡುತ್ತದೆ, ನಡುವೆ ಎಲ್ಲಾದರೂ ಕೂರಿಸಬೇಕು. ನೀವೇ ಒಂದು ಕೈ ನೋಡುತ್ತೀರಾ?