ಪದ ಬೇಕು: ರೀಕ್ರಿಸ್ಟಲೈಸೇಶನ್‌ಗೆ ಫಲಕದಲ್ಲಿ ಏನು ಬರೆಯಲಿ?

ಡೊಂಬಿವಲಿಯಿಂದ, ಗುರುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರವಿದೆ. ಭಾನುವಾರ ನಮ್ಮ ಕನ್ನಡ ಸಂಘದಲ್ಲಿ ಮಕ್ಕಳಿಗೆ ವಿಜ್ಞಾನದ ಪ್ರಯೋಗಗಳು. ನಾನು ಬೆಂಜೋಯಿಕ್ ಆಮ್ಲವನ್ನು ಶುದ್ಧ ಮಾಡಿ ತೋರಿಸುತ್ತೇನೆ. ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಬರಹ ಕೊಡಬೇಕು.

'ಪುನರ್‌ಸ್ಫಟಿಕೀಕರಣ' ಎಂದು ಕಳಿಸಿದ್ದೆ. ಅಂಗಡಿಯ ಹುಡುಗ ಮರಾಠಿಯವನು. ಅವನ ಕಂಪ್ಯೂಟರಿನಲ್ಲಿ ಅಕ್ಷರಗಳೆಲ್ಲ ಒಂದರ ಕೆಳಗೊಂದು ಬಿದ್ದು, ಪಕ್ಕದಲ್ಲಿ ಅರ್ಕಾವೊತ್ತು ಬಾಲದ ಹಾಗೆ ನೇತಾಡುತ್ತಿದೆ. ನನಗೇ ಓದಲಾಗಲಿಲ್ಲ. ಇನ್ನು ಆರನೇ ಕ್ಲಾಸಿನ ಮಗು?

ಕೆಲಸ ಇಷ್ಟೇ. ಕೊಳೆ ಬೆರೆತ ಪುಡಿಯನ್ನು ಕುದಿಯುವ ನೀರಿನಲ್ಲಿ ಕರಗಿಸುವುದು. ನೀರು ಕರಗಲು ಬೇಕಾದಷ್ಟೇ, ಜಾಸ್ತಿ ಬೇಡ. ಬಣ್ಣವಿದ್ದರೆ ಚಿಟಿಕೆ ಇದ್ದಿಲ ಪುಡಿ. ಬಿಸಿಯಿರುವಾಗಲೇ ಸೋಸಿ, ಆಮೇಲೆ ಅಲುಗಿಸದೆ ಆರಲು ಬಿಡುವುದು. ಹರಳು ಬೀಳುತ್ತದೆ, ಕೊಳೆ ನೀರಿನಲ್ಲೇ ಉಳಿಯುತ್ತದೆ. ಇದಕ್ಕೊಂದು ಪದ ಬೇಕು. ಹರಳು ಬೀಳದೆ ಸತಾಯಿಸಿದಾಗ ಹಾಕುವ ಸೀಡ್‌ಗೂ, ಕೊನೆಗೆ ಉಳಿಯುವ ಮದರ್ ಲಿಕರ್‌ಗೂ ಒಂದೊಂದು.

ಪುಣೆಯಿಂದ, ಅದೇ ದಿನ

ಮೇಡಂ, ನಿಮ್ಮ ಪದವೇ ತಪ್ಪು. 'ಪುನರ್' ಮುಂದೆ ಸಕಾರ ಬಂದರೆ ರೇಫ ನಿಲ್ಲುವುದಿಲ್ಲ, ವಿಸರ್ಗವಾಗುತ್ತದೆ. ಪುನಃಸ್ಫಟಿಕೀಕರಣ. ಸಕಾರಕ್ಕೆ ಫ ಅಂಟಿಕೊಂಡಿರುವುದರಿಂದ ವಿಸರ್ಗ ಬಿಟ್ಟು 'ಪುನಸ್ಫಟಿಕೀಕರಣ' ಎಂದರೂ ನಡೆಯುತ್ತದೆ. ನಿಮ್ಮ ಬಾಲ ಅಲ್ಲಿಗೆ ಹೋಯಿತು.

ಇನ್ನೊಂದು. ಕರಣ ಅಂದರೆ ನೀವು ಮಾಡುವುದು, ಭವನ ಅಂದರೆ ತಾನಾಗಿ ಆಗುವುದು. ಇಲ್ಲಿನ ಮರಾಠಿ ಪುಸ್ತಕಗಳಲ್ಲಿ ಸ್ಫಟಿಕೀಭವನ ಎನ್ನುತ್ತಾರೆ. ಅಲುಗಿಸದೆ ಬಿಡುತ್ತೇನೆ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಮಾಡಿದವರು ಯಾರು?

ಮಾಟುಂಗಾದಿಂದ, ಅದೇ ದಿನ

ಯಾರೇ ಮಾಡಲಿ, ಸ್ಫಟಿಕ ಬೇಡ. ಕಿರಾಣಿ ಅಂಗಡಿಯಲ್ಲಿ ಅದು ಪಟಿಕ. ನಮ್ಮಜ್ಜಿ ರಾಡಿ ನೀರಿನ ಕೊಡದಲ್ಲಿ ತಿರುಗಿಸುತ್ತಿದ್ದದ್ದು, ಕ್ಷೌರದವರು ಗಾಯಕ್ಕೆ ಉಜ್ಜುತ್ತಿದ್ದದ್ದು. ಇಲ್ಲಿಯವರ ತುರಟಿ. ಮಗು ಅದನ್ನೇ ಮಾಡುತ್ತಿದ್ದೀರಿ ಅಂದುಕೊಳ್ಳುತ್ತದೆ.

ಹರಳು ಇದೆಯಲ್ಲ! ಹಳಗನ್ನಡದ ಪರಲ್. ಪಾಲ್ ಹಾಲಾಯಿತು, ಪೂ ಹೂವಾಯಿತು, ಪರಲ್ ಹರಳಾಯಿತು. ತಮಿಳಿನಲ್ಲಿ ಇಂದಿಗೂ ಪರಲ್. ಉಂಗುರದಲ್ಲಿರುವುದು ಹರಳು, ಚಳಿಗೆ ತುಪ್ಪ ನಿಲ್ಲುವುದು ಹರಳು ಹರಳಾಗಿ. ಹರಳುಗಟ್ಟು, ಹರಳುಗಟ್ಟಿಸು. ಕರಣವೋ ಭವನವೋ ಎಂಬ ಜಗಳ ಒಂದು 'ಇಸು'ವಿನಲ್ಲಿ ಮುಗಿಯಿತು. 'ಮರುಹರಳುಗಟ್ಟಿಕೆ' ಎಂದು ಹಾಕಿ. ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಪಕ್ಕದ ಮನೆಗೆ ಸೇರು ಹಿಡಿದು ಹೋಗುವುದು ನಮ್ಮ ಚಾಳಿ.

ಪುಣೆಯಿಂದ

ಹರಳು ಅಂದರೆ ನನಗೆ ಮೊದಲು ನೆನಪಾಗುವುದು ಹರಳೆಣ್ಣೆ. ಮಕ್ಕಳು ಹೆದರಿ ಓಡದಿದ್ದರೆ ಸಾಕು. ಇರಲಿ, ಮೇಡಂ 'ಶುದ್ಧ' ಮಾಡುತ್ತಾರಂತೆ. ಅದು ಯಾವ ಮನೆಯ ಅಕ್ಕಿ ಸಾರ್?

ಮಾಟುಂಗಾದಿಂದ

ಚೊಕ್ಕ ಎನ್ನಿ.

ಪುಣೆಯಿಂದ

ಸಂಸ್ಕೃತದ ಚೋಕ್ಷ, ಪ್ರಾಕೃತದ ಚೊಕ್ಖ, ನಿಮ್ಮ ಚೊಕ್ಕ. ಮುಂದೆ?

ವಾಸ್ಕೋದಿಂದ, ಗುರುವಾರ ರಾತ್ರಿ

ನಾನು ಗೋಕರ್ಣದ ಕಡೆಯವನು. ಸಾಣಿಕಟ್ಟೆಯ ಉಪ್ಪಿನ ಆಗರ ನೋಡುತ್ತ ಬೆಳೆದವನು. ಬಿಸಿಲಿಗೆ ನೀರು ಆರಿ ಉಪ್ಪು ನಿಲ್ಲುತ್ತದೆ. ಇದೂ ಅದೇ ಅಲ್ವಾ? ಆಗರದವರನ್ನು ಕೇಳಿದರೆ ಪದ ಸಿಗುತ್ತದೆ. ಸುಮ್ನೆ ಹೊಸದು ಯಾಕೆ ಕಟ್ಟಬೇಕು?

ಡೊಂಬಿವಲಿಯಿಂದ, ಶುಕ್ರವಾರ ಬೆಳಿಗ್ಗೆ

ಅಣ್ಣಾ, ಅದು ಬೇರೆ. 100 ಮಿಲಿ ತಣ್ಣೀರಿನಲ್ಲಿ ಉಪ್ಪು ಸುಮಾರು 36 ಗ್ರಾಂ ಕರಗುತ್ತದೆ. ನೀರು ಕುದಿಸಿದರೂ 39ರ ಆಸುಪಾಸು, ಅಷ್ಟೇ. ಅದನ್ನು ತಣ್ಣಗಾಗಿಸಿದರೆ ಹೆಚ್ಚೇನೂ ಬೀಳುವುದಿಲ್ಲ. ಅದಕ್ಕೇ ಆಗರದಲ್ಲಿ ನೀರನ್ನೇ ಓಡಿಸುತ್ತಾರೆ. ಬೆಂಜೋಯಿಕ್ ಆಮ್ಲ ಹಾಗಲ್ಲ. ಕುದಿಯುವ ನೀರಿನಲ್ಲಿ ಐದು ಗ್ರಾಂ ಮೀರಿ ಕರಗುವುದು, ತಣ್ಣಗಾದರೆ ಒಂದು ಗ್ರಾಮಿನ ಮೂರನೇ ಒಂದು ಪಾಲು ಮಾತ್ರ ನಿಲ್ಲುತ್ತದೆ. ಮಿಕ್ಕಿದ್ದೆಲ್ಲ ಹರಳು. ಕೊಳೆ ಸ್ವಲ್ಪವೇ ಇರುವುದರಿಂದ ತಣ್ಣೀರಿನಲ್ಲೂ ಕರಗಿಕೊಂಡೇ ಇರುತ್ತದೆ.

ಇದನ್ನು ಬರೆಯುತ್ತ ನನಗೇ ಹೊಳೆದದ್ದು: 'ಪುನಃ', 'ಮರು' ಎರಡೂ ಬೇಡ. ಎಷ್ಟನೇ ಸಲ ಎಂಬುದು ಇಲ್ಲಿ ಮುಖ್ಯವಲ್ಲ. ಯಾಕೆ ಮಾಡುತ್ತೇವೆ ಎಂಬುದು ಮುಖ್ಯ.

ಸೀಡ್‌ಗೆ 'ಬೀಜದ ಹರಳು' ಎಂದರೆ ಮತ್ತೆ ಹರಳೆಣ್ಣೆಯ ಔಡಲಕ್ಕೇ ಹೋಗುತ್ತೇವೆ. ಹೋದ ವರ್ಷ ಒಬ್ಬ ಹುಡುಗ ನೀರು ಜಾಸ್ತಿ ಸುರಿದಿದ್ದ. ಬೀಕರ್ ಐಸಿನಲ್ಲಿಟ್ಟರೂ ಏನಿಲ್ಲ. ಗಾಜಿನ ಕಡ್ಡಿಯಿಂದ ಒಳಗೋಡೆ ಗೀರಿದೆ. ಆಗಲೂ ಇಲ್ಲ. ನೀರು ಸ್ವಲ್ಪ ಇಂಗಿಸಿ, ಮತ್ತೆ ಆರಿಸಿ, ಹಳೆಯ ಹರಳಿನ ಒಂದು ಚೂರು ಉದುರಿಸಿದೆ. ಚೂರಿನ ಸುತ್ತ ಬಿಳಿ ಸೂಜಿಗಳು ಎದ್ದವು, ನಾವು ನೋಡುತ್ತಿದ್ದ ಹಾಗೇ ಬೀಕರ್ ತುಂಬ ಹರಡಿದವು. ಆಗ ಆ ಹುಡುಗ ಹೇಳಿದ್ದು, "ಮೇಡಂ, ಹೆಪ್ಪು ಹಾಕಿದ ಹಾಗಾಯ್ತು." ಹೆಪ್ಪು ಆಗಬಹುದಾ?

ಮಾಟುಂಗಾದಿಂದ

ಆಗಬಹುದಾ ಅಂತ ಕೇಳಬೇಕೆ? ಅದೇ ಪದ. ಮದರ್ ಲಿಕರ್‌ಗೆ 'ತಿಳಿ'. ತಿಳಿಸಾರಿನ ತಿಳಿ.

ಪುಣೆಯಿಂದ

ಹೆಪ್ಪು ಹಾಕಿದರೆ ಹಾಲು ಪೂರ್ತಿ ಗಟ್ಟಿಯಾಗುತ್ತದೆ. ಇಲ್ಲಿ ನೀರು ನೀರಾಗಿಯೇ ಉಳಿಯುತ್ತದೆ. ಹೋಲಿಕೆ ಕುಂಟು. ಹಾಕಿಕೊಳ್ಳಿ, ಆದರೆ ಬಾಟಲಿಯ ಮೇಲೆ 'ತಿನ್ನಬಾರದು' ಎಂದೂ ಬರೆಯಿರಿ.

ಡೊಂಬಿವಲಿಯಿಂದ, ಶುಕ್ರವಾರ ಸಂಜೆ

ಫ್ಲೆಕ್ಸ್ ಹೋಯಿತು. 'ಬೆಂಜೋಯಿಕ್ ಆಮ್ಲ: ಹರಳುಗಟ್ಟಿಸಿ ಶುದ್ಧ ಮಾಡುವುದು.' ಟ್ಟಿ ಸರಿಯಾಗಿ ಮೂಡಿದೆ. ಸಣ್ಣ ಬಾಟಲಿಗೆ 'ಹೆಪ್ಪು, ತಿನ್ನಬಾರದು' ಎಂಬ ಚೀಟಿ. ಕೊಳೆಯೆಲ್ಲ ಇರುವ ನೀರನ್ನು ತಿಳಿ ಎನ್ನಲು ಬಾಯಿ ಬರಲಿಲ್ಲ, 'ಉಳಿದ ನೀರು' ಎಂದೇ ಬರೆದೆ. ಎಲ್ಲರಿಗೂ ಥ್ಯಾಂಕ್ಸ್.

ಪುಣೆಯಿಂದ

'ಶುದ್ಧ' ಉಳಿಯಿತು. ಸಂತೋಷ.

ಮಾಟುಂಗಾದಿಂದ

'ಆಮ್ಲ' ಯಾಕೆ? ಹುಳಿ ಇರಲಿಲ್ಲವೇ?